ದೊಡ್ಡಮ್ಮನ ಮೂರು ಉಗುಳು

ಊಟ ಬಲ್ಲವಳಿಗೆ ಮಾತಿಲ್ಲ, ಮಾತು ಬಲ್ಲವಳಿಗೆ ಊಟವಿಲ್ಲ ಎಂದು ಬಲ್ಲವರು ಹೇಳಿದ್ದಾರೆ. ಬಲ್ಲವರು ಹೇಳಿದ್ದು ಹೀಗಲ್ಲವಲ್ಲ ಎಂದು ಮೂಗು ಮುರಿಯುವವರು ಧಾರಾಳವಾಗಿ ಮುರಿದುಕೊಳ್ಳಲಿ. ಮೂಗು ಅವರದು, ಗಾದೆ ಎಲ್ಲರದು. ಕಥೆ ಮಾತ್ರ ನಡೆದದ್ದು. ನಡೆಯುತ್ತ ನಡೆಯುತ್ತ ಒಂದೆರಡು ಕಡೆ ಕುಂಟಿರಬಹುದು, ಆದರೂ ನಡೆದದ್ದೇ. ಊಟ ಬಲ್ಲವಳು ಬ್ರಾಂಕ್ಸ್ ಬಡಾವಣೆಯ ಬ್ರೈನಾ ದೊಡ್ಡಮ್ಮ. ಮಾತು ಬಲ್ಲವಳು ಅವಳು ಸಾಕಿದ ತಂಗಿಯ ಮಗಳು, ಮಿನ್ನಾ ಲೂಬಾರ್ಸ್ಕಿ. ಆ ದಿನ ಬೆಳಗಿನಿಂದ ಮಿನ್ನಾಳ ಹೊಟ್ಟೆಗೆ ಅರ್ಧ ಲೋಟ ಕಪ್ಪು ಚಹಾ ಬಿಟ್ಟರೆ ಇನ್ನೇನೂ ಇಳಿದಿರಲಿಲ್ಲ.

ಮೇಕಪ್ಪಿನ ಕುರ್ಚಿಯಲ್ಲಿ ಕೂತು ಅವಳು ಕನ್ನಡಿಯೊಳಗಿನ ಹೆಂಗಸನ್ನು ನೋಡುತ್ತಿದ್ದಳು. ಆ ಹೆಂಗಸಿನ ತುಟಿಗೆ ಕಂದು ಬಣ್ಣ ಬಳಿದಿದ್ದರು. ಕೆಂಪು ಬಳಿದರೆ ಟೆಲಿವಿಷನ್ನಿನಲ್ಲಿ ತುಟಿಯೇ ಕಾಣುವುದಿಲ್ಲವಂತೆ. ಹದಿನೈದು ವರ್ಷ ರೇಡಿಯೊದಲ್ಲಿ ಅವಳಿಗೆ ತುಟಿ ಬೇಕಾಗಿರಲಿಲ್ಲ, ಬಾಯಿ ಸಾಕಾಗಿತ್ತು. ರೇಷ್ಮೆ ಗೌನು ತೊಟ್ಟು, ಮುತ್ತಿನ ಸರ ಹಾಕಿಕೊಂಡು, ಮೈಕಿನ ಮುಂದೆ ನಿಂತು ಬಾಯಿ ತೆರೆದರೆ ಸಾಕು, ಬ್ರಾಂಕ್ಸಿನ ಮೂರನೇ ಮಹಡಿಯ ಮುದುಕಿ ಜ್ಲಾಟಾ ತಲೆಗೆ ವಸ್ತ್ರ ಕಟ್ಟಿಕೊಂಡು, ಸೊಂಟ ಹಿಡಿದುಕೊಂಡು ದೇಶದ ಅಡುಗೆಮನೆಗಳಿಗೆಲ್ಲ ನುಗ್ಗುತ್ತಿದ್ದಳು. 'ಜ್ಲಾಟಾಳ ಅಡುಗೆಮನೆ' ಬರೆಯುವವಳೂ ಮಿನ್ನಾ, ಆಡುವವಳೂ ಮಿನ್ನಾ, ಉಳಿದವರು ಹೇಗೆ ಆಡಬೇಕೆಂದು ಗದರುವವಳೂ ಮಿನ್ನಾ. ಹೆಂಗಸೊಬ್ಬಳ ಯಜಮಾನಿಕೆಯ ಹಾಸ್ಯ, ಅದೂ ಯೆಹೂದಿ ಮುದುಕಿಯ ಹಾಸ್ಯ, ಒಂದು ಚಳಿಗಾಲ ದಾಟುವುದಿಲ್ಲ ಎಂದು ಪಂದ್ಯ ಕಟ್ಟಿದ್ದ ಗಂಡಸರೆಲ್ಲ ಈಗ ಪಿಂಚಣಿಯಲ್ಲಿದ್ದರು. ಇವತ್ತು ಸಂಜೆ ಮೊದಲ ಸಲ ಆ ಅಡುಗೆಮನೆ ಜನರ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳುತ್ತದೆ ಎಂದುಕೊಂಡ ಕೂಡಲೇ ಮಿನ್ನಾ ಕುರ್ಚಿಯ ಕೆಳಗೆ ಬೆರಳು ಮಡಚಿ ಹಿಡಿದಳು. ಸೊಂಟಕ್ಕೆ ಹತ್ತಿಯ ದಿಂಬು ಕಟ್ಟಿದ್ದರು, ತಲೆಗೆ ನರೆಗೂದಲ ಟೋಪನ್ ಏರಿಸಿದ್ದರು, ಹಣೆಯ ಮೇಲೆ ಗೆರೆ ಎಳೆದಿದ್ದರು. ಕನ್ನಡಿಯಲ್ಲಿ ಕೂತಿದ್ದವಳು ಜ್ಲಾಟಾ ಅಲ್ಲ, ಬ್ರೈನಾ ದೊಡ್ಡಮ್ಮ. ಧ್ವನಿ ಕದ್ದರೆ ಸಾಕ್ಷಿಯಿರುವುದಿಲ್ಲ. ಮುಖ ಕದ್ದರೆ ಮುಖವೇ ಸಾಕ್ಷಿ.

ಕಾಫಿ ಕಂಪನಿಯ ವಿಟ್‌ಕೂಂಬ್ ಸಾಹೇಬ ಒಳಗೆ ಬಂದು ಬಾಗಿಲು ತಟ್ಟಿದ. ಕಾರ್ಯಕ್ರಮದ ಖರ್ಚೆಲ್ಲ ಅವನ ಕಂಪನಿಯದು. ಆದ್ದರಿಂದ ಅವನು ಬಾಗಿಲು ತಟ್ಟುವುದು ಒಳಗೆ ಬಂದ ಮೇಲೆ.

"ಮೇಡಂ, ಒಂದು ಸಣ್ಣ ವಿಷಯ."

"ಹೇಳಿ. ದೊಡ್ಡ ವಿಷಯ ಆದ್ರೆ ನೀವು ಫೋನ್ ಮಾಡ್ತಿದ್ರಿ."

"ಆ ತೂ ತೂ ತೂ ಇದೆಯಲ್ಲ..."

"ಇದೆ. ನಿಮ್ಮ ಕಾಫಿಪುಡಿ ಮಾರಿರೋದೇ ಅದು."

"ಇಲ್ಲ ಅನ್ನಲ್ಲ ಮೇಡಂ. ಆದ್ರೆ ರೇಡಿಯೊದಲ್ಲಿ ಅದು ಬರೀ ಶಬ್ದ. ಇವತ್ತು ಅದು ಉಗುಳು. ಜನ ಊಟಕ್ಕೆ ಕೂತಿರ್ತಾರೆ, ಎದುರಿಗೆ ಒಬ್ಬ ಹೆಂಗಸು ಕಾಫಿ ಡಬ್ಬಿ ಹಿಡ್ಕೊಂಡು ಉಗೀತಾಳೆ. ನಮ್ಮ ಯಜಮಾನರ ಹೆಂಡ್ತಿ ಇದಕ್ಕೇಂತ ಹೊಸ ಟೆಲಿವಿಷನ್ ಪೆಟ್ಟಿಗೆ ತರಿಸಿ, ನೆಂಟರನ್ನೆಲ್ಲ ಕರೆದು ಕೂತಿದ್ದಾರೆ."

"ಉಗುಳು ಬರಲ್ಲ ಸಾಹೇಬ್ರೇ. ಬರೀ ಗಾಳಿ."

"ಗಾಳಿಯೂ ಬೇಡ ಮೇಡಂ."

"ಸರಿ, ಬಿಟ್ಟೆ."

ಅಷ್ಟೇ. ಅಷ್ಟು ಸುಲಭವಾಗಿ 'ಬಿಟ್ಟೆ' ಎಂದದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಜಗಳಕ್ಕೆ ಸಿದ್ಧನಾಗಿ ಬಂದಿದ್ದ ವಿಟ್‌ಕೂಂಬ್ ಕೂಡ ಒಂದು ಕ್ಷಣ ಟೋಪಿ ತಿರುಗಿಸುತ್ತ ನಿಂತು, ಇನ್ನೇನು ಕೇಳಬಹುದಿತ್ತು ಎಂದು ಯೋಚಿಸುವವನಂತೆ ಹೊರಟುಹೋದ. ಬಿಸಿತುಪ್ಪವನ್ನು ನುಂಗಲೂ ಆಗದು ಉಗುಳಲೂ ಆಗದು ಎನ್ನುತ್ತಾರೆ. ಅವಳು ಹದಿನೈದು ವರ್ಷ ಉಗುಳುತ್ತಲೇ ಇದ್ದಳು, ತುಪ್ಪ ಇನ್ನೂ ಗಂಟಲಲ್ಲೇ ಇತ್ತು. ಓಹಾಯೋದ ಶಾಲೆಯ ಮಕ್ಕಳು ತೂ ತೂ ತೂ ಎನ್ನುತ್ತಿದ್ದರು. ಮದುವೆಮನೆಗಳಲ್ಲಿ, ಕ್ಷೌರದಂಗಡಿಗಳಲ್ಲಿ, ಯಾರಾದರೂ ಯಾರನ್ನಾದರೂ ಹೊಗಳಿದರೆ ಇನ್ನೊಬ್ಬ ಜ್ಲಾಟಾಳ ಧ್ವನಿ ತೆಗೆದು, ದೃಷ್ಟಿ ತಾಗದಿರಲಿ ಎಂಬಂತೆ ತೂ ತೂ ತೂ ಎಂದು ನಗಿಸುತ್ತಿದ್ದ. ಅದು ಎಲ್ಲಿಂದ ಬಂತೆಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಒಂದು ಕತ್ತಲೆ ಕೋಣೆಯನ್ನು ಹೇಳಬೇಕಾಗುತ್ತಿತ್ತು, ಕರ್ಪೂರದ ವಾಸನೆಯನ್ನು, ಗಂಟಲುಮಾರಿ ಬಂದು ಉಸಿರು ಸಿಳ್ಳೆಯಾಗಿದ್ದ ಒಂದು ಮಗುವನ್ನು. ದೊಡ್ಡಮ್ಮ ಸಮುದ್ರದಾಚೆಯ ತನ್ನ ಹಳೆಯ ನಾಡು ಪೊಡೋಲಿಯಾದಲ್ಲೇ ತನ್ನ ಮಕ್ಕಳನ್ನು ಮಣ್ಣು ಮಾಡಿ ಬಂದವಳು. ಇಲ್ಲಿ ತನ್ನ ಮೇಜಿಗೆ ಬಂದ ಮಕ್ಕಳನ್ನು ಊಟಕ್ಕೆ ಕೂರಿಸಿ ಎಣಿಸುವಾಗ 'ಒಂದಲ್ಲ, ಎರಡಲ್ಲ, ಮೂರಲ್ಲ' ಎಂದು ಎಣಿಸುತ್ತಿದ್ದಳು. ನೇರವಾಗಿ ಎಣಿಸಿದರೆ ಯಾರಿಗೋ ಲೆಕ್ಕ ಸಿಕ್ಕಿಬಿಡುತ್ತದೆ. ವೈದ್ಯ ಕೈಚೆಲ್ಲಿ ಹೋದ ಮಧ್ಯಾಹ್ನ ಅವಳು ಸೆರಗಿನಂಥ ಶಾಲು ಹೊದ್ದು ಪ್ರಾರ್ಥನಾಮಂದಿರಕ್ಕೆ ಓಡಿ, ಸಾವಿನ ದೂತನಿಗೆ ಗುರುತು ಸಿಗದಂತೆ ಮಗುವಿನ ಹೆಸರನ್ನೇ ಬದಲಾಯಿಸಿಕೊಂಡು ಬಂದಿದ್ದಳು. ಮಿನ್ನಾ ಅಲ್ಲ, ಆಲ್ಟೆ. ಆಲ್ಟೆ ಎಂದರೆ ಮುದುಕಿ. ಬಂದವಳೇ ಬಾಗಿಲಿಗೆ ಅಡ್ಡ ನಿಂತು, ಮೆಟ್ಟಿಲ ಕತ್ತಲೆಗೆ ಕೇಳುವಂತೆ ಗಟ್ಟಿಯಾಗಿ ಹೇಳಿದ್ದಳು: "ಮಿನ್ನಾನಾ? ಯಾವ ಮಿನ್ನಾನಪ್ಪ? ಇಲ್ಲಿ ಮಕ್ಕಳುಮರಿ ಯಾರೂ ಇಲ್ಲ. ಒಬ್ಳು ಮುದುಕಿ ಮಲಗಿದ್ದಾಳೆ, ಅಷ್ಟೇ. ತೂ, ತೂ, ತೂ." ಹಾಸಿಗೆಯಲ್ಲಿದ್ದ ಮಗು, ದೊಡ್ಡಮ್ಮ ಸಿಕ್ಕಿಬೀಳಬಾರದೆಂದು, ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ ಮುದುಕಿಯಂತೆ ಕೆಮ್ಮಿತ್ತು. ಅದು ಮಿನ್ನಾಳ ಮೊದಲ ಪಾತ್ರ. ಪ್ರೇಕ್ಷಕ ಒಬ್ಬನೇ, ಅವನು ಮೋಸಹೋಗಿ ಮೆಟ್ಟಿಲಿಳಿದು ಹೋದ. ಆಮೇಲೆ ದೊಡ್ಡಮ್ಮ ಅವಳನ್ನು ಕರೆದದ್ದೆಲ್ಲ 'ಮುದುಕಿ' ಎಂದೇ. "ಮುದುಕಿ, ಸ್ಕೂಲಿಗೆ ಹೊತ್ತಾಯ್ತು. ಮುದುಕಿ, ಮೂಗು ಒರೆಸ್ಕೋ."

ಮೇಕಪ್ಪಿನವಳು ಗಲ್ಲ ಹಿಡಿದು ಮುಖ ತಿರುಗಿಸಿದಳು. "ಅಳಬೇಡಿ ಮೇಡಂ, ಗೆರೆ ಅಳಿಸಿಹೋಗುತ್ತೆ." ಅಳುತ್ತಿಲ್ಲ, ದೀಪದ ಬಿಸಿ ಎಂದಳು ಮಿನ್ನಾ. ಬಿಸಿಯೇ. ಅವತ್ತೂ ಹೀಗೇ ಬಿಸಿಯಿತ್ತು, ಕಾರ್ಯಕ್ರಮ ಶುರುವಾದ ವರ್ಷದ ಬೇಸಿಗೆಯಲ್ಲಿ, ಬ್ರಾಂಕ್ಸಿನ ಎಲ್ಲ ಕಿಟಕಿಗಳೂ ತೆರೆದಿದ್ದ ಒಂದು ಸಂಜೆ. ಅವಳು ಅಲ್ಲಿರಲಿಲ್ಲ, ಮೈಕಿನ ಮುಂದಿದ್ದಳು. ಆದರೂ ಆಮೇಲೆ ಮನಸ್ಸಿನಲ್ಲೇ ಎಷ್ಟು ಸಲ ಆ ಬೀದಿಯಲ್ಲಿ ನಡೆದಿದ್ದಳೋ. ದೊಡ್ಡಮ್ಮ ಕಾಗದದಲ್ಲಿ ಸುತ್ತಿದ ಮೀನು ಹಿಡಿದು ಮಾರ್ಕೆಟ್ಟಿನಿಂದ ಬರುತ್ತಿದ್ದಾಳೆ. ಮೊದಲನೆಯ ಕಿಟಕಿಯ ರೇಡಿಯೊದಿಂದ ಯಾರೋ ಅವಳ ಧ್ವನಿಯಲ್ಲೇ ಗಂಡನನ್ನು ಬೈಯುತ್ತಾರೆ. ಪಕ್ಕದ ಕಿಟಕಿಯಿಂದ ಅವಳ ಧ್ವನಿಯಲ್ಲೇ ಮಾತು ಮುಂದುವರಿಯುತ್ತದೆ. ಬೀದಿಯುದ್ದಕ್ಕೂ ಅವಳದೇ ಧ್ವನಿ ಅವಳ ಜೊತೆ ನಡೆದು ಬರುತ್ತದೆ, ಬೀದಿಯುದ್ದಕ್ಕೂ ಜನ ನಗುತ್ತಾರೆ. ಕೊನೆಗೆ ಅದು ಬರುತ್ತದೆ, ಮಕ್ಕಳ ಹೆಣಗಳ ಮೇಲೆ ಕಲಿತದ್ದು, ತೂ ತೂ ತೂ, ಮತ್ತು ಇಡೀ ಬೀದಿ ಗೊಳ್ಳೆಂದು ನಗುತ್ತದೆ. ಮೆಟ್ಟಿಲ ಮೇಲೆ ಕೂತ ಹುಡುಗರು ಅವಳನ್ನು ನೋಡಿ, "ಏ, ಜ್ಲಾಟಮ್ಮ ಬಂದ್ಲು ಕಣ್ರೋ! ತೂ ತೂ ತೂ ಮಾಡಜ್ಜೀ!" ಎನ್ನುತ್ತಾರೆ. ಅವತ್ತು ಪ್ರಸಾರ ಮುಗಿಸಿ ಮಿನ್ನಾ ಚಾಕೊಲೇಟಿನ ದೊಡ್ಡ ಡಬ್ಬಿ ಹಿಡಿದು ಬ್ರಾಂಕ್ಸಿಗೆ ಹೋದಾಗ ದೊಡ್ಡಮ್ಮ ತಟ್ಟೆ ಇಟ್ಟಳು. "ತಿನ್ನು," ಎಂದಳು. ಅಲ್ಲಿಂದೀಚೆಗೆ ದೊಡ್ಡಮ್ಮನ ಬಾಯಲ್ಲಿ ಮಿನ್ನಾಳಿಗಾಗಿ ಉಳಿದದ್ದು 'ಬಾ', 'ತಿನ್ನು', 'ಹೋಗು'. ಊಟ ಬಲ್ಲವಳು ಮಾತು ಬಿಟ್ಟಳು. ಇನ್ನೊಂದನ್ನೂ ಬಿಟ್ಟಳು. ದೊಡ್ಡಮ್ಮ, ಪತ್ರಿಕೆಯಲ್ಲಿ ನನ್ನ ಚಿತ್ರ ಬಂದಿದೆ ಎಂದರೆ, ಪಾರ್ಕಿನ ಎದುರಿಗೆ ಮನೆ ತಗೊಂಡೆ ಎಂದರೆ, ಅವಳ ತುಟಿ ಅಲುಗುತ್ತಿರಲಿಲ್ಲ. ಮಿನ್ನಾಳಿಗೆ ಬಂದ ಒಳ್ಳೆಯದೆಲ್ಲ ಉಗುಳಿನ ಕಾವಲಿಲ್ಲದೆ ಬತ್ತಲೆಯಾಗಿ ಬಂತು. ಮ್ಯಾನ್‌ಹ್ಯಾಟನ್ನಿನ ಔತಣಗಳಲ್ಲಿ ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ನಗುತ್ತಿದ್ದ ಹೆಂಗಸು, ಯಾರಾದರೂ ಹೊಗಳಿದರೆ ಮೇಜಿನ ಕೆಳಗೆ ಬೆರಳು ಮಡಚಿ ಹಿಡಿಯುತ್ತಿದ್ದಳು. ಬೇರೆಯವರು ಉಗಿಸಿಕೊಳ್ಳಲು ಹೆದರುತ್ತಾರೆ. ಮಿನ್ನಾ ಉಗಿಸಿಕೊಳ್ಳದೆ ಹೆದರಿದ್ದಳು. ಯುದ್ಧ ಮುಗಿದ ಮೇಲೆ ಆ ಹೆದರಿಕೆಗೆ ಇನ್ನೊಂದು ಬಾಯಿ ಬಂತು. ದೊಡ್ಡಮ್ಮನ ಊರಿನ ಯೆಹೂದಿಗಳಲ್ಲಿ ಅವಳ ಮಾತಿನ ರಾಗದಲ್ಲಿ ಮಾತಾಡುವ ಒಬ್ಬರನ್ನೂ ಉಳಿಸಿರಲಿಲ್ಲ. ಆ ರಾಗ ಈಗ ಭೂಮಿಯ ಮೇಲೆ ಉಳಿದಿದ್ದದ್ದು ಎರಡೇ ಗಂಟಲಲ್ಲಿ. ಒಂದು ಮೌನವಾಗಿತ್ತು, ಇನ್ನೊಂದು ಕಾಫಿಪುಡಿ ಮಾರುತ್ತಿತ್ತು.

ಹೋದ ವಾರ ಬ್ರಾಂಕ್ಸಿಗೆ ಹೋಗಿದ್ದಳು. ಒಂದೇ ಒಂದು ಸಲ ಉಗಿ ಎಂದು ಕೇಳಿಬಿಡಬೇಕೆಂದೇ ಹೋಗಿದ್ದಳು. ಅವಳು ಕೊಡಿಸಿದ್ದ ಫ್ರಿಜ್ಜಿನಲ್ಲಿ ದೊಡ್ಡಮ್ಮ ಹಬ್ಬದ ಪಿಂಗಾಣಿ ಪಾತ್ರೆಗಳನ್ನು ಜೋಡಿಸಿಟ್ಟಿದ್ದಳು. ಬೆಣ್ಣೆ ಎಂದಿನಂತೆ ಕಿಟಕಿಯ ಹೊರಗೆ ತಣ್ಣಗಿತ್ತು. ಮೇಜಿನ ಮೇಲೆ ಎರಡು ಚಹಾ ಲೋಟ. ಒಂದು ಲೋಟದ ಅಡಿಯ ಬಟ್ಟಲಿನಲ್ಲಿ ಚುಟ್ಟದ ಬೂದಿ.

"ಯಾರು ಬಂದಿದ್ರು ದೊಡ್ಡಮ್ಮ?"

"ತಿನ್ನು."

ತಿಂದಳು. ಗಸಗಸೆಯ ಸಿಹಿರೊಟ್ಟಿ ಬಾಯಲ್ಲಿ ಮರಳಿನಂತಿತ್ತು. "ಬರೋ ವಾರ ಟೆಲಿವಿಷನ್ನು ದೊಡ್ಡಮ್ಮ. ಈ ಸಲ ಮುಖಾನೂ ಕಾಣುತ್ತೆ. ನೀನು ಬರ್ಬೇಕು. ಮುಂದಿನ ಸಾಲಲ್ಲಿ ಕುರ್ಚಿ ಹಾಕಿಸಿರ್ತೀನಿ." ದೊಡ್ಡಮ್ಮ ಸಕ್ಕರೆಯ ತುಂಡನ್ನು ಹಲ್ಲಿನ ನಡುವೆ ಕಚ್ಚಿ, ಅದರ ಮೂಲಕ ಚಹಾ ಹೀರಿದಳು. ಆ ಹೀರುವ ಸದ್ದು ಮಿನ್ನಾಳಿಗೆ ಬರುತ್ತಿತ್ತು, ಕಣ್ಣು ಮುಚ್ಚಿಕೊಂಡು ಮಾಡಬಲ್ಲಳು, ಆ ಸದ್ದಿಗೊಮ್ಮೆ ಇಡೀ ವರ್ಷದ ಬಹುಮಾನ ಬಂದಿತ್ತು. ಹೊರಡುವಾಗ ಬಾಗಿಲಲ್ಲಿ ಬೇಕೆಂದೇ ನಿಧಾನ ಮಾಡಿ, ಕೈಗವಸು ಹಾಕಿಕೊಳ್ಳುವ ನೆಪದಲ್ಲಿ ಕತ್ತು ಬಗ್ಗಿಸಿ ನಿಂತಳು, ಚಿಕ್ಕಂದಿನಲ್ಲಿ ಪರೀಕ್ಷೆಗೆ ಹೊರಟಾಗ ನಿಲ್ಲುತ್ತಿದ್ದ ಹಾಗೆ. ದೊಡ್ಡಮ್ಮ ಮೇಜು ಒರೆಸುತ್ತಿದ್ದಳು. ಒರೆಸಿದಲ್ಲೇ ಒರೆಸುತ್ತಿದ್ದಳು. "ಹೋಗು," ಎಂದಳು.

ಸ್ಟುಡಿಯೊದಲ್ಲಿ ದೀಪಗಳು ಒಲೆಯಂತೆ ಉರಿಯುತ್ತಿದ್ದವು. ಅಡುಗೆಮನೆಗೆ ಮೂರೇ ಗೋಡೆ. ನಾಲ್ಕನೆಯದರ ಜಾಗದಲ್ಲಿ ಕ್ಯಾಮೆರಾಗಳು ಹಸಿದ ನೆಂಟರ ಹಾಗೆ ಕತ್ತು ಚಾಚಿಕೊಂಡಿದ್ದವು. ನಲ್ಲಿಯಲ್ಲಿ ನೀರಿಲ್ಲ, ಕಿಟಕಿಯಾಚೆಗಿನ ಬ್ರಾಂಕ್ಸ್ ಬಟ್ಟೆಯ ಮೇಲೆ ಬರೆದದ್ದು. ಮುಂದಿನ ಸಾಲಿನ ಕುರ್ಚಿ ಖಾಲಿ. ಮಿನ್ನಾ ಆ ಕಡೆ ನೋಡಬಾರದೆಂದು ನೋಡಿದಳು. ಮುಗಿಯಿತು. ಉಗಿಸಿಕೊಳ್ಳದೆಯೇ ಇಷ್ಟು ಕಣ್ಣುಗಳ ಮುಂದೆ ನಿಲ್ಲಬೇಕು. ಜ್ಲಾಟಾ ಗಡಿಯಾರ ಕಟ್ಟುವವಳಲ್ಲವೆಂದು ಅವಳ ಕೈಗಡಿಯಾರವನ್ನು ಬಿಚ್ಚಿಸಿಟ್ಟಿದ್ದರು. ನೀರಿನ ಲೋಟ ಹಿಡಿದ ಮಣಿಕಟ್ಟು ಬೇರೆ ಯಾರದೋ ಅನ್ನಿಸುತ್ತಿತ್ತು.

"ಹೆಂಡ್ತೀ, ಕೈ ಯಾಕೆ ನಡುಗ್ತಿದೆ?" ಹೆಷೆಲ್ ಬಂದು ಪಕ್ಕದಲ್ಲಿ ನಿಂತ. ಹೆಷೆಲ್ ವೈನ್‌ಗ್ಲಾಸ್ ಹನ್ನೆರಡು ವರ್ಷದಿಂದ ಜ್ಲಾಟಾಳ ಗಂಡ. ಮೈಕಿನ ಹೊರಗೂ ಅವಳನ್ನು ಹೆಂಡ್ತಿ ಎಂದೇ ಕರೆಯುತ್ತಿದ್ದ, ಸ್ವಂತ ಹೆಂಡತಿಯನ್ನು ಮಾತ್ರ 'ಮೇಡಂ' ಎನ್ನುತ್ತಿದ್ದ.

"ನಡುಗ್ತಿಲ್ಲ."

"ಸರಿ ಹಾಗಾದ್ರೆ, ಲೋಟ ನಡುಗ್ತಿದೆ. ಕೈ ಅದನ್ನ ಸಮಾಧಾನ ಮಾಡ್ತಿದೆ."

ಅವನ ಕೋಟಿನಿಂದ ಚುಟ್ಟದ ವಾಸನೆ ಬಂತು, ಅವಳು ಮುಖ ತಿರುಗಿಸಿದಳು. ಹೆಷೆಲ್‌ನ ಮುಖ ನೋಡಿದಾಗೆಲ್ಲ ಅವಳಿಗೆ ಒಂದು ಮಧ್ಯಾಹ್ನ ನೆನಪಾಗುತ್ತಿತ್ತು. ಯೆಹೂದಿಗಳ ನಾಟಕ ಮಂದಿರಗಳಲ್ಲಿ ರಾಜರನ್ನೂ ಪ್ರವಾದಿಗಳನ್ನೂ ಆಡಿದ್ದ ಮನುಷ್ಯ, ಮಂದಿರಗಳು ಒಂದೊಂದಾಗಿ ಮುಚ್ಚಿದ ಮೇಲೆ ಟೋಪಿ ಕೈಯಲ್ಲಿ ಹಿಡಿದು ರೇಡಿಯೊಕ್ಕೆ ಬಂದಿದ್ದ. ಹೊಸಬರಿಗೆಲ್ಲ ಗಡಿಯಾರ ತಿರುಗಿಸುವುದು ಆ ಸ್ಟುಡಿಯೊದ ಪದ್ಧತಿ. ಗೋಡೆಯ ಗಡಿಯಾರವನ್ನು ಮುಂದಕ್ಕೆ ತಿರುಗಿಸಿ, ನಿಜವಾದ ಪ್ರಸಾರಕ್ಕೆ ಬಹಳ ಮುಂಚೆಯೇ ಕೆಂಪು ದೀಪ ಹಚ್ಚಿ, ಸುಳ್ಳು ಪ್ರಸಾರ ನಡೆಸುವುದು. ಹೊಸಬನಿಗೆ ಮಾತ್ರ ಇಡೀ ದೇಶ ಕೇಳುತ್ತಿದೆಯೆಂಬ ಭ್ರಮೆ. ಹೆಷೆಲ್‌ಗೂ ಮಾಡಿದರು. ಮಾಡಿಸಿದವಳು ಮಿನ್ನಾ. ಅವನ ಹಾಳೆಗಳಲ್ಲಿ ನಡುವಿನದನ್ನು ತೆಗೆಸಿದ್ದಳು, ಬಾಗಿಲ ಗಂಟೆ ಒತ್ತಿದರೆ ನಾಯಿ ಬೊಗಳುವ ಹಾಗೆ ಮಾಡಿಸಿದ್ದಳು, ಅವನ ಪ್ರತಿ ಮಾತಿಗೂ ಬೇರೆ ವಾರದ ಉತ್ತರ ಕೊಟ್ಟಿದ್ದಳು. ಹೆಷೆಲ್ ಬೆವೆತು, ತೊದಲಿ, ಕೊನೆಗೆ ಮೈಕಿನ ಮುಂದೆ ಮೊಣಕಾಲೂರಿ, ಕಾಣದ ದೇಶದ ಹತ್ತಿರ ತನ್ನ ಮನೆಮಾತಿನಲ್ಲಿ ಕ್ಷಮೆ ಕೇಳಿದ್ದ. ಹಳೆಯ ರಾಜರ ಧ್ವನಿಯಲ್ಲಿ. ಎಲ್ಲರೂ ಬಿದ್ದು ಬಿದ್ದು ನಕ್ಕರು. ವಿಷಯ ತಿಳಿದ ಮೇಲೆ ಅವನೂ ನಕ್ಕ. ಹಲ್ಲು ನಕ್ಕವು, ಕಣ್ಣು ನಗಲಿಲ್ಲ. ಆ ಕಣ್ಣನ್ನು ನೋಡಿಯೂ ಅವಳು ಎಲ್ಲರಿಗಿಂತ ಹೆಚ್ಚು ನಕ್ಕಿದ್ದಳು. ಈಗ ಕ್ಷಮಿಸು ಅನ್ನಬೇಕೆನಿಸಿತು, ಹನ್ನೆರಡು ವರ್ಷ ತಡವಾಗಿ, ಹತ್ತಿಯ ಸೊಂಟ ಕಟ್ಟಿಕೊಂಡು. ಅಷ್ಟರಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡಿದ್ದವನು ಕೂಗಿದ.

"ಎಲ್ಲರೂ ಜಾಗಕ್ಕೆ! ಹೊತ್ತಾಯ್ತು!"

"ಇಷ್ಟು ಬೇಗ?" ಮಿನ್ನಾ ಪ್ರಸಾರದ ಯಂತ್ರಗಳಿದ್ದ ಗಾಜಿನ ಕೋಣೆಯ ಮೇಲಿನ ದೊಡ್ಡ ಗಡಿಯಾರ ನೋಡಿದಳು. ಹೌದು, ಹೊತ್ತಾಗಿತ್ತು. ಮೇಕಪ್ಪಿನ ಕುರ್ಚಿ ಸಮಯ ನುಂಗಿತ್ತು. ಗಾಜಿನ ಹಿಂದೆ ವಿಟ್‌ಕೂಂಬ್ ಓಡೋಡಿ ಬಂದು ಕುರ್ಚಿಯ ತುದಿಯಲ್ಲಿ ಕೂತ. ಕೆಂಪು ದೀಪ ಹತ್ತಿತು.

ಹಿಟ್ಟು ನಾದುತ್ತ ಜ್ಲಾಟಾ ಶುರುಮಾಡಿದಳು. ಬಾಯಿ ತನ್ನ ಪಾಡಿಗೆ ತಾನು ನಡೆಯಿತು, ಹಳೆಯ ಕುದುರೆಯ ಹಾಗೆ. ಪತ್ರಿಕೆಯ ಹಿಂದೆ ಕೂತ ಗಂಡ ಹೂಂ ಎಂದ. ಕತ್ತಲೆಯಲ್ಲಿ ಕೆಲಸದವರು ನಕ್ಕರು. ಪರವಾಗಿಲ್ಲ, ಎಂದುಕೊಂಡಳು ಒಳಗಿನವಳು, ನಡೆಯುತ್ತಿದೆ. ಈಗ ಎರಡನೇ ಮಹಡಿಯ ಹೆಂಗಸು ಸಕ್ಕರೆ ಕೇಳಲು ಬರಬೇಕು. ಬಾಗಿಲು ತಟ್ಟಿದ ಸದ್ದಾಯಿತು.

ಬಾಗಿಲು ತೆರೆದರೆ, ಬಂದದ್ದು ಎರಡನೇ ಮಹಡಿಯವಳಲ್ಲ. ಬ್ರೈನಾ ದೊಡ್ಡಮ್ಮ. ಬಿಳಿ ಕೈಗವಸು. ಮುತ್ತಿನ ಸರ. ಭುಜದ ಮೇಲೆ ನರಿಯ ತುಪ್ಪಳ, ಯಾರೋ ನಾಟಕದವರು ಕೊಟ್ಟದ್ದು, ನರಿಯ ಒಂದು ಕಣ್ಣು ಉದುರಿತ್ತು. ಗಲ್ಲ ಮೇಲೆತ್ತಿ, ಯಾರ ಮನೆಗೋ ಉಪಕಾರ ಮಾಡುವಂತೆ ಹೊಸ್ತಿಲು ದಾಟಿ, ದೊಡ್ಡಮ್ಮ ಬಾಯಿ ತೆರೆದಳು.

"ಶುಭ ಸಂಜೆ. ನಾನು ಮಿನ್ನಾ ಲೂಬಾರ್ಸ್ಕಿ. ತಮ್ಮ ಪುಟ್ಟ ಅಡುಗೆಮನೆಯನ್ನು ಕಂಡು ನನಗೆ ಅಪಾರವಾದ ಆನಂದವಾಗುತ್ತಿದೆ."

ಅದೇ ಧ್ವನಿ. ಬ್ರಾಂಕ್ಸನ್ನು ನಾಲಿಗೆಯಿಂದ ಕೆರೆದು ತೆಗೆಯಲು ಮಿನ್ನಾ ಎರಡು ಚಳಿಗಾಲ ಒಬ್ಬ ಉಚ್ಚಾರಣೆಯ ಮಾಸ್ತರನ ಬಳಿ ಕಲಿತ ಧ್ವನಿ. ಪತ್ರಿಕೆಯವರು ಸಂದರ್ಶನಕ್ಕೆ ಬಂದಾಗ ತೊಡುತ್ತಿದ್ದ ಧ್ವನಿ, ರೇಡಿಯೊದಲ್ಲಿ ಕೆಲವೇ ಸಲ ಬಂದದ್ದು. 'ಅಪಾರ'ದ ಮೇಲೆ ಅದೇ ತೇಲುವಿಕೆ, 'ಆನಂದ'ದ ಕೊನೆಗೆ ಮೂಗಿನಿಂದ ಬರುವ ಅದೇ ಸಣ್ಣ ಗಾಳಿ. ಇಷ್ಟು ಸರಿಯಾಗಿ ಬರಬೇಕಾದರೆ ದೊಡ್ಡಮ್ಮ ವರ್ಷಗಟ್ಟಲೆ ರೇಡಿಯೊ ಮುಂದೆ ಕೂತಿರಬೇಕು. ಅನುಕರಣೆ ನನಗೆ ಹುಟ್ಟಿನಿಂದ ಬಂತು ಎಂದು ಹೇಳಿಕೊಂಡು ತಿರುಗಿದ ಮಿನ್ನಾ ಯಾರ ಮನೆಯಲ್ಲಿ ಬೆಳೆದೆ ಎಂದು ಯೋಚಿಸಿರಲೇ ಇಲ್ಲ. ದೊಡ್ಡಮ್ಮ ಮಾತಾಡುತ್ತಿದ್ದಾಳೆ, ಪೂರ್ತಿ ವಾಕ್ಯಗಳಲ್ಲಿ ಮಾತಾಡುತ್ತಿದ್ದಾಳೆ ಎಂಬ ಸಂತೋಷವೂ, ದೇಶ ನೋಡುತ್ತಿದೆ, ಮುಗಿಯಿತು, ಹದಿನೈದು ವರ್ಷ ಮುಗಿಯಿತು ಎಂಬ ಭಯವೂ ಒಂದೇ ಬಾಗಿಲಲ್ಲಿ ನುಗ್ಗಿ ಸಿಕ್ಕಿಕೊಂಡವು. ಕೆಂಪು ದೀಪ ಉರಿಯುತ್ತಿತ್ತು. ಏನಾದರೂ ಹೇಳಬೇಕು. ಹೇಳುವುದಾದರೆ ಜ್ಲಾಟಾಳಾಗಿಯೇ ಹೇಳಬೇಕು. ಅಂದರೆ ದೊಡ್ಡಮ್ಮನ ಮುಖಕ್ಕೆ ಮುಖ ಕೊಟ್ಟು ದೊಡ್ಡಮ್ಮನದೇ ಧ್ವನಿ ತೆಗೆಯಬೇಕು. ಇಷ್ಟು ವರ್ಷ ಅವಳು ತಪ್ಪಿಸಿಕೊಂಡು ತಿರುಗಿದ್ದು ಅದೊಂದರಿಂದಲೇ.

"ಬಾ... ಬನ್ನಿ ತಾಯಿ. ಒಳಗೆ ಬನ್ನಿ. ಸಕ್ಕರೆ ಬೇಕಿತ್ತಾ?"

"ಸಕ್ಕರೆಯೇ? ಇಲ್ಲ. ಸಕ್ಕರೆ ನನ್ನ ಸೊಂಟಕ್ಕೆ ಒಗ್ಗುವುದಿಲ್ಲ. ನಾನು ಬೇರೊಂದನ್ನು ಎರವಲು ಪಡೆಯಲು ಬಂದಿರುವೆ."

"ಏನದು?"

"ತಮ್ಮ ಧ್ವನಿ. ಹಿಂದಿರುಗಿಸುವ ಅಭ್ಯಾಸ ನನಗಿಲ್ಲ."

ಕತ್ತಲೆಯಲ್ಲಿ ಯಾರೋ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಹೆಷೆಲ್‌ನ ಪತ್ರಿಕೆ ಗಾಳಿಯಿಲ್ಲದೆ ಅಲುಗುತ್ತಿತ್ತು. "ಕೊಟ್ಬಿಡೇ," ಎಂದ ಪತ್ರಿಕೆಯ ಹಿಂದಿನಿಂದ. "ಮನೇಲಿ ನಾನೂ ಒಂದ್ಮಾತಾಡಬಹುದು."

ದೊಡ್ಡಮ್ಮ ಕೈಗವಸಿನ ಬೆರಳಿನಿಂದ ಮೇಜಿನ ಧೂಳು ಪರೀಕ್ಷಿಸಿ, ಅವಳ ಸುತ್ತ ನಿಧಾನವಾಗಿ ಒಂದು ಸುತ್ತು ಬಂದಳು. "ಎಂತಹ ಭಾಗ್ಯವಂತೆ ತಾವು!" ಎಂದು ನಿಲ್ಲಿಸಿದಳು. ಆ ನಿಲುಗಡೆಯಲ್ಲಿ ಬರಬೇಕಾದದ್ದು ಬರಲಿಲ್ಲ. ಮಿನ್ನಾಳ ನಾಲಿಗೆ ಹಲ್ಲಿನ ಹಿಂದೆ ತಾನಾಗಿ ಎದ್ದಿತು, ಅವಳು ಅದುಮಿದಳು. ಮಾತು ಕೊಟ್ಟಾಗಿದೆ, ಗಾಳಿಯೂ ಬೇಡ. "ಎಂತಹ ಕೀರ್ತಿ! ಎಂತಹ ಮನೆ! ಪಾರ್ಕಿನ ಎದುರಿಗಂತೆ!" ಮತ್ತೆ ನಿಲುಗಡೆ. ಹೊಗಳಿಕೆ ಬತ್ತಲೆಯಾಗಿ ಗಾಳಿಯಲ್ಲಿ ನಿಂತಿತು, ಯಾರು ಬೇಕಾದರೂ ಕೈ ಹಾಕಬಹುದಾದ ಹಾಗೆ. "ಇಷ್ಟು ವರ್ಷಗಳಲ್ಲಿ ತಮಗೆ ಒಂದು ಕೆಮ್ಮೂ ಬಂದಿಲ್ಲವಂತೆ. ಇಂತಹ ಗಂಟಲು ಲೋಕದಲ್ಲೇ ಇಲ್ಲವಂತೆ." ನಿಲುಗಡೆ. ಹಿಟ್ಟಿನೊಳಗೆ ಮಿನ್ನಾಳ ಬೆರಳು ಮಡಚಿಕೊಂಡವು. ತಮಾಷೆ ಇದು, ಅಂದುಕೊಂಡಳು, ನಾನೇ ಬರೆಯಬಹುದಾಗಿದ್ದ ತಮಾಷೆ, ಕೇಳುವವರಿಗೆ ನಗು ಬರುತ್ತದೆ. ಹಾಗಾದರೆ ಬಾಗಿಲ ಕಡೆ ಯಾಕೆ ನೋಡುತ್ತಿದ್ದೇನೆ? ಮೆಟ್ಟಿಲ ಕತ್ತಲೆಯಲ್ಲಿ ಇನ್ನೂ ಯಾರೋ ನಿಂತಿದ್ದಾರೆಯೆ, ಕಿವಿಗೊಟ್ಟು?

"ಮತ್ತು ತಮ್ಮನ್ನು ಪ್ರೀತಿಸುವ ಜನ ಎಷ್ಟಿದ್ದಾರೆ!" ದೊಡ್ಡಮ್ಮ ಬಿಳಿ ಬೆರಳು ಎತ್ತಿದಳು. ಕ್ಯಾಮೆರಾದವನಿಂದ ಶುರುಮಾಡಿದಳು. "ಒಂದು." ದೀಪದವನು. "ಎರಡು." ಹೆಷೆಲ್. "ಮೂರು." ಜೀವನದಲ್ಲಿ ಒಂದು ಸಲವೂ ಮನುಷ್ಯರನ್ನು ನೇರ ಎಣಿಸದ ದೊಡ್ಡಮ್ಮ, ಊಟದ ತಟ್ಟೆಯ ಮುಂದೆ ಅಲ್ಲ ಅಲ್ಲ ಎಂದು ಬಚ್ಚಿಟ್ಟು ಬಚ್ಚಿಟ್ಟು ಎಣಿಸುತ್ತಿದ್ದ ದೊಡ್ಡಮ್ಮ, ತರಕಾರಿ ಎಣಿಸುವ ಹಾಗೆ ಎಣಿಸುತ್ತಿದ್ದಳು. "ನಾಲ್ಕು." ಬೆರಳು ಬಂದು ಮಿನ್ನಾಳ ಎದೆಯ ನೇರಕ್ಕೆ ನಿಂತಿತು.

"ಎಣಿಸ್ಬೇಡ ದೊಡ್ಡಮ್ಮ!"

ಅದು ಜ್ಲಾಟಾಳ ಧ್ವನಿಯಲ್ಲ, ಮಾಸ್ತರ ಕಲಿಸಿದ್ದೂ ಅಲ್ಲ. ಎಂಟು ವರ್ಷದ ಮಗುವಿನ, ಉಸಿರು ಸಿಳ್ಳೆಯಾದ ಧ್ವನಿ. ಅದರ ಹಿಂದೆಯೇ, ತಡೆಯುವ ಮೊದಲೇ, ಬಂತು. ತೂ. ತೂ. ತೂ. ಗಾಳಿಯಲ್ಲ. ಹಸಿ ಉಗುಳು. ಒಂದು ಹಿಟ್ಟಿನ ಮೇಲೆ, ಒಂದು ಮುತ್ತಿನ ಸರದ ಮೇಲೆ, ಒಂದು, ಸರಿಯಾಗಿ ಕ್ಯಾಮೆರಾದ ಕಡೆಗೆ ತಿರುಗಿಸಿಟ್ಟಿದ್ದ ಕಾಫಿ ಡಬ್ಬಿಯ ಮೇಲೆ. ಯಾರೂ ನಗಲಿಲ್ಲ. ಡಬ್ಬಿಯ ಮೇಲಿಂದ ಅದು ನಿಧಾನವಾಗಿ ಇಳಿಯಿತು.

ಕೆಂಪು ದೀಪ ಆರಿತು. ಮಿನ್ನಾ ಹಿಟ್ಟು ಮೆತ್ತಿದ ಕೈಯಿಂದ ಮುಖ ಮುಚ್ಚಿಕೊಂಡಳು.

"ಹೆಂಡ್ತೀ," ಪತ್ರಿಕೆ ಮಡಚುವ ಸದ್ದಾಯಿತು. "ಮೇಲೆ ನೋಡು."

ಗಾಜಿನ ಕೋಣೆಯ ಮೇಲೆ, ಏಣಿ ಹತ್ತಿ, ದೀಪದವನು ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸುತ್ತಿದ್ದ. ಹಿಂದಕ್ಕೆ, ಇನ್ನೂ ಹಿಂದಕ್ಕೆ.

"ಟೆಲಿವಿಷನ್ನಿಗೆ ನೀನೂ ಹೊಸಬಳು ತಾನೇ?" ಎಂದ ಹೆಷೆಲ್. "ಪದ್ಧತಿ ಬಿಡೋಕಾಗುತ್ತಾ?" ಚುಟ್ಟ ತೆಗೆದು ಬಾಯಿಗಿಟ್ಟುಕೊಂಡ. ಲೋಟದ ಅಡಿಯ ಬಟ್ಟಲಿನ ಬೂದಿ ಆಗ ಅವಳಿಗೆ ನೆನಪಾಯಿತು.

ದೊಡ್ಡಮ್ಮ ಕೈಗವಸನ್ನು ಒಂದೊಂದೇ ಬೆರಳಾಗಿ ಎಳೆದು ಬಿಚ್ಚಿದಳು, ಬಿಸಿ ಪಾತ್ರೆಯ ಬಟ್ಟೆಯಂತೆ ಮೇಜಿನ ಮೇಲೆ ಎಸೆದಳು. ಈಗ ಮಾತಾಡಿದ್ದು ಅವಳದೇ ಧ್ವನಿ, ಪೊಡೋಲಿಯಾದ್ದು, ಲೋಕದಲ್ಲಿ ಎರಡೇ ಉಳಿದಿದ್ದವುಗಳಲ್ಲಿ ಮೊದಲನೆಯದು.

"ಏನೇ ಮುದುಕಿ? ದೇಶಕ್ಕೆ ದೇಶಾನೇ ನಗುತ್ತಲ್ಲ ಇದಕ್ಕೆ? ನೀನ್ಯಾಕೆ ಅಳ್ತಿದೀಯ?"

"ಹೆದರಿಕೆ ಆಯ್ತು ದೊಡ್ಡಮ್ಮ."

"ಹಾಂ. ನಂಗೂ ಹೆದರಿಕೆ ಆಗಿಯೇ ಉಗೀತಿದ್ದೆ ಕಣೇ. ತಮಾಷೆಗಲ್ಲ."

ಮಿನ್ನಾ ತಲೆಯಾಡಿಸಿದಳು. ಮಾತು ಬಲ್ಲವಳಿಗೆ ಮಾತು ಬರಲಿಲ್ಲ. ದೊಡ್ಡಮ್ಮ ಹತ್ತಿರ ಬಾಗಿ, ಸಂಕೋಚದಿಂದ, ಯಾರಿಗೂ ಕೇಳದ ಹಾಗೆ ಕೇಳಿದಳು:

"ಅದಿರ್ಲಿ. ಹೆಂಗ್ ಮಾಡ್ದೆ? ಬಂತಾ ಧ್ವನಿ?"

"'ಆನಂದ' ಅನ್ನುವಾಗ ಮೂಗು ಇನ್ನೊಂಚೂರು ಮೇಲಿರ್ಬೇಕಿತ್ತು."

"ಅದಕ್ಕಿಂತ ಮೇಲೆ ಎತ್ತಿದ್ರೆ ಬಿದ್ದೋಗ್ತಿದ್ದೆ. ನೀನು ಹೆಂಗ್ ನಿಲ್ತೀಯೋ, ನಾ ಕಾಣೆ."

ಆಗ ವಿಟ್‌ಕೂಂಬ್ ಗಾಜಿನ ಕೋಣೆಯಿಂದ ಮೆಟ್ಟಿಲುಗಳನ್ನು ಉರುಳಿದಂತೆ ಇಳಿದು ಬಂದ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ. "ಮೇಡಂ! ಡಬ್ಬಿ ಮೇಲೆ! ನೇರ ಪ್ರಸಾರದಲ್ಲಿ! ಯಜಮಾನರ ಹೆಂಡ್ತಿ... ನೆಂಟರು..."

"ಯಾರೇ ಇವನು, ಇಷ್ಟು ಬಡಕಲು?" ದೊಡ್ಡಮ್ಮ ಚೀಲದಿಂದ ಗಸಗಸೆಯ ರೊಟ್ಟಿ ತೆಗೆದು ಅವನ ಕೈಗೆ ತುರುಕಿದಳು. "ತಿನ್ನು."

ಕೈಯಲ್ಲಿ ರೊಟ್ಟಿ ಹಿಡಿದು ನಿಂತವನಿಗೆ ಹೆಷೆಲ್ ಗಡಿಯಾರ ತೋರಿಸಿದ. ಅವನು ಗಡಿಯಾರವನ್ನೂ ರೊಟ್ಟಿಯನ್ನೂ ಬಾರಿಬಾರಿಗೆ ನೋಡಿದ. "ಹಾಗಾದ್ರೆ ನಿಜವಾದ ಪ್ರಸಾರದಲ್ಲಿ ಉಗಿಯಲ್ಲ ತಾನೇ ಮೇಡಂ?"

"ಇಲ್ಲ. ಉಗಿಯಲ್ಲ," ಎಂದಳು ಮಿನ್ನಾ. "ನೀವು ಹೇಳಿದ್ರಿ ಅಂತಲ್ಲ."

ದೊಡ್ಡಮ್ಮ ಅವಳ ಗಲ್ಲವನ್ನು ಒರಟಾಗಿ ಹಿಡಿದು ದೀಪಕ್ಕೆ ತಿರುಗಿಸಿದಳು. ತನ್ನದೇ ಮುಖವನ್ನು, ತನ್ನದೇ ಗೆರೆಗಳನ್ನು, ಅದರ ನಡುವೆ ಯಾರದೂ ಅಲ್ಲದ ಕಂದು ತುಟಿಯನ್ನು ನೋಡಿದಳು. "ಥೂ, ಇದೇನೇ ಬಣ್ಣ, ಹಳೇ ಬೀಟ್‌ರೂಟ್ ಥರ," ಎಂದಳು. ಆಮೇಲೆ, "ಆದ್ರೂ ಚೆಂದ ಕಾಣ್ತೀಯ, ಮುದುಕಿ," ಎಂದಳು. ಎಂದು, ನಿಲ್ಲಿಸದೆ, ಎಡಗಡೆಗೆ ಕತ್ತು ತಿರುಗಿಸಿ, ಹಳೆಯ ಕೆಲಸಕ್ಕೆ ಮರಳಿದವಳ ಹಾಗೆ, ಲೆಕ್ಕ ತಪ್ಪದೆ ಉಗಿದಳು.

ಮೊದಲು ನಕ್ಕದ್ದು ಹೆಷೆಲ್, ಈ ಸಲ ಕಣ್ಣಲ್ಲೂ. ಆಮೇಲೆ ಏಣಿಯ ಮೇಲಿನವನು, ಕ್ಯಾಮೆರಾದವರು, ಬಾಯಿ ತುಂಬ ಗಸಗಸೆ ತುಂಬಿಕೊಂಡ ವಿಟ್‌ಕೂಂಬ್. ಗಾಜಿನ ಹಿಂದೆ ಧ್ವನಿ ಅಳೆಯುವ ಯಂತ್ರದ ಮುಳ್ಳು ಅವರೆಲ್ಲರ ನಗುವಿಗೂ ನಡುವಿನಲ್ಲೇ ಆಡುತ್ತಿತ್ತು. ಆಮೇಲೆ, ಟೋಪನ್ ಜಾರಿ ಒಂದು ಕಿವಿಯ ಮೇಲೆ ಕೂತು, ಕಣ್ಣೀರಿನಲ್ಲಿ ಹಿಟ್ಟು ಕಲಸಿ, ಮೇಕಪ್ಪಿನವಳು "ಅಯ್ಯೋ ಮೇಡಂ, ಗೆರೆ!" ಎಂದು ಓಡಿ ಬರುತ್ತಿರುವಾಗ ಮಿನ್ನಾ ನಕ್ಕಳು, ಮುಳ್ಳು ಹೋಗಿ ಕೆಂಪಿನ ಕೊನೆಗೆ ಟಪ್ಪೆಂದು ಬಡಿದು ಅಲ್ಲೇ ನಿಂತಿತು.